ಹಳ್ಳಕ್ಕೆ ಬಿದ್ದ ತೋಳ: ಕಥನಪರಂಪರೆಯಲ್ಲಿ ಒಂದು ಅಪಕೀರ್ತಿಯ ವಿವೇಚನೆ

1

‘ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು’ ಎಂಬುದು ಕನ್ನಡದ ಬಹುಪರಿಚಿತ ಗಾದೆಗಳಲ್ಲೊಂದು. ಸಂಕಷ್ಟಕ್ಕೆ ಸಿಲುಕಿದವನ ಮೇಲೆ ಎಲ್ಲರೂ ಎರಗುತ್ತಾರೆ ಎಂಬುದು ಇದರ ರೂಢಿಯ ಅರ್ಥ. ತೋಳ ನಿರಪರಾಧಿಯೆಂದು ಗಾದೆ ಹೇಳುವುದಿಲ್ಲ. ಅದು ಕುರಿ ಹೊತ್ತೊಯ್ದಿರಲೂಬಹುದು. ಆದರೆ ಗಾದೆಯ ಮೊನೆ ತಿರುಗಿರುವುದು ತೋಳದತ್ತ ಅಲ್ಲ, ಕಲ್ಲು ಹಿಡಿದ ಕೈಗಳತ್ತ. ಕುರಿ ಕಳೆದುಕೊಂಡವನ ಕಲ್ಲಿಗೆ ಕಾರಣವಿದೆ. ಏನನ್ನೂ ಕಳೆದುಕೊಳ್ಳದವನು ಎಸೆಯುವ ಕಲ್ಲಿಗೆ ಯಾವ ಕಾರಣವಿದೆ ಎಂಬ ಪ್ರಶ್ನೆ ಅಲ್ಲಿ ಅಡಗಿದೆ.

ಕಥೆಗಳಲ್ಲಿ ತೋಳಕ್ಕೆ ಅಂಟಿಕೊಂಡಿರುವ ಅಪಕೀರ್ತಿಯನ್ನು ಈ ಗಾದೆಯ ಬೆಳಕಿನಲ್ಲಿ ಪರಿಶೀಲಿಸಲು ಅವಕಾಶವಿದೆ. ಕ್ರೂರಿ, ವಂಚಕ, ವೇಷಧಾರಿ ಎಂಬ ಆರೋಪಗಳು ಕುರಿಹಟ್ಟಿಯ ಅನುಭವದಿಂದ ಹುಟ್ಟಿದವೇ ಅಥವಾ ಬೇರೆಡೆಯಿಂದ ಬಂದು ಸೇರಿಕೊಂಡವೇ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

2

ತೋಳದ ಕೆಟ್ಟ ಹೆಸರಿಗೆ ಮೂಲವೆಂದು ಸಾಮಾನ್ಯವಾಗಿ ಪರಿಗಣಿಸಲಾಗುವುದು ಈಸೋಪನ ಕಥೆಗಳು. ‘ತೋಳ ಮತ್ತು ಕುರಿಮರಿ’ ಕಥೆಯಲ್ಲಿ ಹೊಳೆಯ ಮೇಲ್ಭಾಗದಲ್ಲಿ ನಿಂತ ತೋಳ, ಕೆಳಗಿನ ಕುರಿಮರಿ ತನ್ನ ನೀರನ್ನು ಕದಡುತ್ತಿದೆ ಎಂದು ದೂರುತ್ತದೆ. ಒಂದೊಂದೇ ಆಪಾದನೆ ಸುಳ್ಳಾದಂತೆ ಹೊಸದನ್ನು ಹುಡುಕಿ, ಕೊನೆಗೆ ಮರಿಯನ್ನು ತಿನ್ನುತ್ತದೆ. ಇಲ್ಲಿ ತೋಳದ ದೋಷ ಹಸಿವಲ್ಲ. ಹಸಿದ ಪ್ರಾಣಿಗೆ ನ್ಯಾಯದ ನೆಪ ಬೇಕಿಲ್ಲ. ನೆಪ ಬೇಕಾಗುವುದು ಅಧಿಕಾರದಲ್ಲಿರುವ ಮನುಷ್ಯನಿಗೆ. ದುರ್ಬಲನನ್ನು ಶಿಕ್ಷಿಸುವ ಮುನ್ನ ವಿಚಾರಣೆಯ ನಾಟಕವಾಡುವ ಪ್ರಭುವನ್ನು ಹೆಸರಿಸಿ ಹೇಳಲಾಗದ ಕಡೆ ಕಥೆ ತೋಳವನ್ನು ತಂದು ನಿಲ್ಲಿಸಿದೆ.

‘ತೋಳ ಬಂತು ತೋಳ’ ಎಂದು ಊರವರನ್ನು ಮೋಸಗೊಳಿಸಿದ ಹುಡುಗನ ಕಥೆಯಲ್ಲಂತೂ ತೋಳ ಯಾವ ತಪ್ಪನ್ನೂ ಮಾಡುವುದಿಲ್ಲ. ಸುಳ್ಳು ಹೇಳಿದವನು ಹುಡುಗ, ನಂಬದೆ ಹೋದವರು ಊರವರು. ಇದೇ ಕಥೆ ಕನ್ನಡದಲ್ಲಿ ‘ಹುಲಿ ಬಂತು ಹುಲಿ’ ಎಂಬ ರೂಪದಲ್ಲಿಯೂ ಅಷ್ಟೇ ಪ್ರಚಲಿತವಾಗಿರುವುದು ಗಮನಾರ್ಹ. ತೋಳದ ಜಾಗಕ್ಕೆ ಹುಲಿ ಬಂದರೂ ಕಥೆಯ ತಿರುಳು ಬದಲಾಗುವುದಿಲ್ಲವೆಂದರೆ, ಅಲ್ಲಿ ಪ್ರಾಣಿಯ ಸ್ವಭಾವ ಚರ್ಚೆಯ ವಸ್ತುವೇ ಅಲ್ಲ ಎಂದಾಯಿತು.

ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ, ಕೆಂಪು ಕುಲಾವಿಯ ಹುಡುಗಿಯ ಕಥೆಯಲ್ಲಿ ಈ ಆರೋಪಣೆ ಇನ್ನಷ್ಟು ಸ್ಪಷ್ಟವಾಗಿದೆ. ಅಜ್ಜಿಯ ಹಾಸಿಗೆಯಲ್ಲಿ ಮಲಗಿ, ಸವಿಮಾತಿನಿಂದ ಹುಡುಗಿಯನ್ನು ವಂಚಿಸುವ ತೋಳ ಕಾಡಿನ ತೋಳವಲ್ಲ. ತರುಣಿಯರನ್ನು ಹಿಂಬಾಲಿಸುವ ನಯವಂಚಕ ಪುರುಷರೇ ಅಪಾಯಕಾರಿ ತೋಳಗಳು ಎಂಬುದನ್ನು ಪೆರೋ ಕಥೆಯ ಕೊನೆಯ ನೀತಿಯಲ್ಲಿ ತಾನೇ ಸೂಚಿಸಿದ್ದಾನೆ. 1812ರಲ್ಲಿ ಗ್ರಿಮ್ ಸೋದರರು ಪ್ರಕಟಿಸಿದ ಪಾಠದಲ್ಲಿ ಬೇಟೆಗಾರನು ತೋಳದ ಹೊಟ್ಟೆಯನ್ನು ಸೀಳಿ ಹುಡುಗಿಯನ್ನೂ ಅಜ್ಜಿಯನ್ನೂ ಉಳಿಸುತ್ತಾನೆ. ಪೆರೋನ ನೀತಿ ಅಲ್ಲಿಲ್ಲ. ರೂಪಕದ ಕೀಲಿ ಕಳಚಿಹೋದ ಮೇಲೆ ಓದುಗನಿಗೆ ಉಳಿಯುವುದು ಬರಿಯ ದುಷ್ಟ ಪ್ರಾಣಿ.

3

ಭಾರತೀಯ ಪರಂಪರೆಯಲ್ಲಿ ತೋಳದ ಚಿತ್ರ ಇಷ್ಟು ಏಕಮುಖವಾಗಿಲ್ಲ. ಋಗ್ವೇದದಲ್ಲಿ ಅಶ್ವಿನೀದೇವತೆಗಳು ಲಾವಕ್ಕಿಯೊಂದನ್ನು ತೋಳದ ಬಾಯಿಂದ ಬಿಡಿಸಿದ ಉಲ್ಲೇಖವಿದೆ. ಅದೇ ಸೂಕ್ತದಲ್ಲಿ (1.116) ಋಜ್ರಾಶ್ವನ ಪ್ರಸಂಗವೂ ಬರುತ್ತದೆ. ಹೆಣ್ಣು ತೋಳವೊಂದಕ್ಕಾಗಿ ನೂರು ಟಗರುಗಳನ್ನು ಕಡಿದ ಅವನನ್ನು ತಂದೆ ಕುರುಡನನ್ನಾಗಿಸುತ್ತಾನೆ. ಅಶ್ವಿನಿಗಳು ಅವನಿಗೆ ಕಣ್ಣು ಮರಳಿಸುತ್ತಾರೆ. ಮುಂದಿನ ಸೂಕ್ತದಲ್ಲಿ ಆ ತೋಳವೇ ಅವನ ಪರವಾಗಿ ದೇವತೆಗಳಿಗೆ ಮೊರೆಯಿಡುತ್ತದೆ. ಮಂದೆಯ ಒಡೆಯನಾದ ತಂದೆಯ ಸಿಟ್ಟನ್ನೂ ಹಸಿದ ಪ್ರಾಣಿಯ ಕೃತಜ್ಞತೆಯನ್ನೂ ಒಟ್ಟಿಗೆ ದಾಖಲಿಸಿರುವುದು ಈ ಪ್ರಸಂಗದ ವಿಶೇಷ.

ನೀತಿಕಥೆಗಳಲ್ಲಿ ತೋಳ ವಂಚಕನಾಗುವುದಕ್ಕಿಂತ ವಂಚಿತನಾಗುವುದೇ ಹೆಚ್ಚು. ಮಹಾಭಾರತದ ಆದಿಪರ್ವದ ಪ್ರಚಲಿತ ಪಾಠದಲ್ಲಿ ಕಣಿಕನು ಧೃತರಾಷ್ಟ್ರನಿಗೆ ಹೇಳುವ ಕಥೆಯಲ್ಲಿ ಹುಲಿ, ಇಲಿ, ತೋಳ, ಮುಂಗುಸಿಗಳು ಕೂಡಿ ಗಳಿಸಿದ ಜಿಂಕೆಯನ್ನು ನರಿಯೊಂದೇ ಕಬಳಿಸುತ್ತದೆ. ಹುಲಿ ನಿನ್ನ ಮೇಲೆ ಕೋಪಗೊಂಡಿದೆ ಎಂಬ ಒಂದು ಮಾತಿಗೇ ತೋಳ ಓಡಿಹೋಗುತ್ತದೆ. ಜೈನ ಮುನಿ ಪೂರ್ಣಭದ್ರನು 1199ರಲ್ಲಿ ಸಿದ್ಧಪಡಿಸಿದ ಪಂಚತಂತ್ರದ ಪಾಠದಲ್ಲಿ ಕ್ರವ್ಯಮುಖನೆಂಬ ತೋಳ, ಚತುರಕನೆಂಬ ನರಿಯ ಪ್ರೇರಣೆಯಿಂದ ಸಿಂಹದ ಪಾಲಿನ ಒಂಟೆಯ ಮಾಂಸಕ್ಕೆ ಬಾಯಿಹಾಕುತ್ತದೆ. ಸಿಂಹ ಮರಳಿದಾಗ ನರಿ ಕೈಕೊಡುತ್ತದೆ, ತೋಳ ಜೀವ ಉಳಿಸಿಕೊಳ್ಳಲು ಪಲಾಯನ ಮಾಡುತ್ತದೆ. ಯುರೋಪಿನ ಮಧ್ಯಯುಗದ ರೇನಾರ್ಡ್ ಕಥಾಚಕ್ರದಲ್ಲಿಯೂ ಇಸೆಂಗ್ರಿಮ್ ಎಂಬ ತೋಳ ನರಿಯಿಂದ ಪದೇಪದೇ ಮೋಸಹೋಗುವುದನ್ನು ಇದರೊಡನೆ ಹೋಲಿಸಬಹುದು.

ಹೆಸರುಗಳ ನೆಲೆಯಲ್ಲಿಯೂ ಈ ದ್ವಂದ್ವ ಕಾಣುತ್ತದೆ. ಭಾಗವತದ ದಶಮಸ್ಕಂಧದಲ್ಲಿ ವರಕೊಟ್ಟ ಶಿವನ ತಲೆಯ ಮೇಲೆಯೇ ಕೈಯಿಡಲು ಹೊರಟವನು ವೃಕಾಸುರ. ಲೋಕರೂಢಿಯ ಭಸ್ಮಾಸುರನ ಕಥೆಯೂ ಇದೇ. ಆದರೆ ಭೀಮನಿಗೆ ಸಂದ ವೃಕೋದರ ಎಂಬ ಹೆಸರು ನಿಂದೆಯಲ್ಲ. ತೋಳದ ಹಸಿವನ್ನೇ ವೀರನ ಲಕ್ಷಣವಾಗಿ ಕಂಡ ದೃಷ್ಟಿ ಅದರಲ್ಲಿದೆ.

4

ಕನ್ನಡದ ಜನಪದ ವಿವೇಕ ತೋಳವನ್ನು ನೋಡಿದ ಬಗೆ ಇವೆಲ್ಲಕ್ಕಿಂತ ನೇರವಾದುದು. ಕುರಿ ಕಾಯಲು ಕರೆದರೆ ಸಂಬಳವೇ ಬೇಡವೆಂದ ತೋಳದ ಗಾದೆ ನಾನಾ ಪಾಠಗಳಲ್ಲಿ ಬಳಕೆಯಲ್ಲಿದೆ. ತೋಳಕ್ಕೆ ಕುರಿ ಬೇಕು ಎಂಬುದನ್ನು ಈ ಗಾದೆ ಮುಚ್ಚಿಡುವುದಿಲ್ಲ, ಅದನ್ನು ಪಾಪವೆಂದೂ ಎಣಿಸುವುದಿಲ್ಲ. ನಗೆಗೀಡಾಗುವವನು ಅದನ್ನು ಕಾವಲಿಗೆ ನೇಮಿಸಿದ ಯಜಮಾನ. ಕುರಿ ಸಾಕುವವರ ನಡುವೆ ಬೆಳೆದ ಮಾತಿಗೆ ಸಹಜವಾದ ನಿಷ್ಠುರತೆ ಇದು.

ಇದರ ಜೊತೆಗೆ ಗೋವಿನ ಹಾಡನ್ನು ಇಟ್ಟು ನೋಡಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಪುಣ್ಯಕೋಟಿಯ ಸತ್ಯಕ್ಕೆ ಮಣಿದ ಹುಲಿಗೆ ಪಶ್ಚಾತ್ತಾಪದ ಅವಕಾಶವೂ ಆ ಮೂಲಕ ಘನತೆಯೂ ದೊರೆತಿದೆ. ತೋಳಕ್ಕೆ ಅಂಥ ಹಾಡು ದೊರೆಯಲಿಲ್ಲ. ಹುಲಿ ದೈವದ ವಾಹನ, ಅರಸರ ಬೇಟೆಯ ಹೆಮ್ಮೆ; ತೋಳವಾದರೋ ಬಡ ಕುರಿಗಾಹಿಯ ಎದುರಾಳಿ. ಪ್ರಾಣಿಗಳ ಕೀರ್ತಿ ಅಪಕೀರ್ತಿಗಳಲ್ಲಿಯೂ ಸಾಮಾಜಿಕ ಶ್ರೇಣೀಕರಣದ ನೆರಳಿದೆ ಎನ್ನಲು ಇದು ನಿದರ್ಶನ.

5

ತೋಳ ನಿರುಪದ್ರವಿ ಎಂದು ವಾದಿಸುವುದು ಇಲ್ಲಿನ ಉದ್ದೇಶವಲ್ಲ. 1996ರಲ್ಲಿ ಉತ್ತರಪ್ರದೇಶದ ಪೂರ್ವಭಾಗದ ಪ್ರತಾಪಗಢ, ಸುಲ್ತಾನಪುರ, ಜೌನಪುರ ಜಿಲ್ಲೆಗಳಲ್ಲಿ, 2024ರಲ್ಲಿ ಬಹರಾಇಚ್ ಜಿಲ್ಲೆಯಲ್ಲಿ ತೋಳಗಳ ದಾಳಿಗೆ ಮಕ್ಕಳು ಬಲಿಯಾದುದು ವಾಸ್ತವ. ಮಗುವನ್ನು ಕಳೆದುಕೊಂಡವರ ಮುಂದೆ ರೂಪಕದ ವಿಶ್ಲೇಷಣೆ ಅರ್ಥಹೀನ. ಆದರೆ ಆ ಹೊತ್ತಿನಲ್ಲಿಯೂ ಕಥನ ಸುಮ್ಮನಿರಲಿಲ್ಲ. 1996ರಲ್ಲಿ ದಾಳಿ ಮಾಡುತ್ತಿರುವುದು ತೋಳವಲ್ಲ, ತೋಳದ ವೇಷ ತೊಟ್ಟ ಮನುಷ್ಯ ಎಂಬ ವದಂತಿ ಹಬ್ಬಿತು. ನಿಜವಾದ ಅಪಾಯವನ್ನು ಗುರುತಿಸಿ ಮಕ್ಕಳನ್ನು ಕಾಯಬೇಕಾದ ಕಡೆ ವೇಷಧಾರಿ ತೋಳದ ಕಲ್ಪನೆ ಜನರ ಕಣ್ಣನ್ನು ಬೇರೆಡೆಗೆ ತಿರುಗಿಸಿತು.

ಅಪಕೀರ್ತಿಯ ಬೆಲೆಯನ್ನು ತೋಳವೂ ತೆತ್ತಿದೆ. ಬ್ರಿಟಿಷ್ ಆಡಳಿತ ತೋಳವನ್ನು ನಾಶಯೋಗ್ಯ ಪ್ರಾಣಿಯೆಂದು ಬಗೆದು ಕೊಂದವರಿಗೆ ಬಹುಮಾನ ನೀಡುತ್ತಿತ್ತು. 1875ರಿಂದ 1925ರವರೆಗಿನ ಐವತ್ತು ವರ್ಷಗಳಲ್ಲಿ ಸುಮಾರು ಎರಡು ಲಕ್ಷ ತೋಳಗಳು ಹತವಾದುವೆಂಬುದು ಪರಿಸರ ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕ. ಇಂದು ಭಾರತದಲ್ಲಿ ಉಳಿದಿರುವುದು ಸುಮಾರು 3,000 ಎಂಬ ಅಂದಾಜಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯೊಡನೆ ತೋಳಕ್ಕೂ ಸ್ಥಾನವಿದೆ. ಕರ್ನಾಟಕದಲ್ಲಿ 1974ರಲ್ಲಿ ಮೇಲುಕೋಟೆಯ ವನ್ಯಜೀವಿಧಾಮ ರೂಪುಗೊಂಡುದು ಮುಖ್ಯವಾಗಿ ತೋಳದ ರಕ್ಷಣೆಗಾಗಿ. ಗಂಗಾವತಿ ತಾಲ್ಲೂಕಿನ ಬಂಕಾಪುರವನ್ನೂ ಇತ್ತೀಚೆಗೆ ತೋಳಗಳ ಧಾಮವೆಂದು ಗುರುತಿಸಲಾಗಿದೆ. ಆದರೂ ತೋಳದ ನಿಜವಾದ ನೆಲೆ ದಟ್ಟ ಕಾಡಲ್ಲ. ಬಂಜರು ಎಂದು ಕರೆಸಿಕೊಳ್ಳುವ ಬಯಲುಸೀಮೆಯ ಹುಲ್ಲುಗಾವಲು. ಅದು ಕುರಿಗಾಹಿಯ ನೆಲೆಯೂ ಹೌದು. ಆ ನೆಲ ಉಳುಮೆಗೂ ಕಟ್ಟಡಗಳಿಗೂ ಸಂದಂತೆ ಎದುರಾಳಿಗಳಿಬ್ಬರೂ ಒಟ್ಟಿಗೇ ನೆಲೆತಪ್ಪುತ್ತಾರೆ.

6

ಒಟ್ಟಿನಲ್ಲಿ ಕಥೆಗಳು ತೋಳದ ಮೇಲೆ ಹೊರಿಸಿರುವ ಆರೋಪಗಳು ಎರಡು ಬಗೆಯವು. ಕುರಿ ಕದಿಯುತ್ತದೆ ಎಂಬುದು ಕುರಿಗಾಹಿಯ ದೂರು, ಅದು ಸತ್ಯ. ನೆಪ ಹೂಡುತ್ತದೆ, ವೇಷ ಹಾಕುತ್ತದೆ, ನಂಬಿಸಿ ಕೊಲ್ಲುತ್ತದೆ ಎಂಬುದು ಮನುಷ್ಯನ ಮೇಲಿನ ದೂರು. ಕೆಲಸದ ಅನುಕೂಲಕ್ಕಾಗಿ ಅದನ್ನು ತೋಳದ ಹೆಸರಿನಲ್ಲಿ ಬರೆಯಲಾಗಿದೆ. ಈ ಎರಡನ್ನೂ ಬೆರೆಸಿ ಓದಿದಾಗ ಎರಡು ನಷ್ಟಗಳಾಗುತ್ತವೆ. ಪ್ರಾಣಿಗೆ ಸಲ್ಲದ ಶಿಕ್ಷೆ ಸಲ್ಲುತ್ತದೆ. ಕಥೆ ಯಾರನ್ನು ಕುರಿತು ಹೇಳಿತ್ತೋ ಆ ಪ್ರಭು, ಆ ವಂಚಕ ತಪ್ಪಿಸಿಕೊಳ್ಳುತ್ತಾನೆ. ಎರಡನೆಯ ನಷ್ಟ ಸಾಹಿತ್ಯದ ನಷ್ಟ. ತರಗತಿಯಲ್ಲಿ ‘ತೋಳ ಮತ್ತು ಕುರಿಮರಿ’ಯನ್ನು ಬೋಧಿಸುವಾಗ, ತೋಳ ಕೆಟ್ಟದ್ದು ಎಂಬಲ್ಲಿಗೆ ಪಾಠ ಮುಗಿದರೆ ಕಥೆ ಇನ್ನೂ ಆರಂಭವಾಗಿಲ್ಲವೆಂದೇ ಅರ್ಥ. ಹಳ್ಳದ ಸುತ್ತ ನಿಂತವರಲ್ಲಿ ಯಾರ ಕುರಿ ಹೋಗಿದೆ, ಯಾರು ಸುಮ್ಮನೆ ಕಲ್ಲೆತ್ತಿಕೊಂಡಿದ್ದಾರೆ ಎಂಬುದನ್ನು ಬೇರ್ಪಡಿಸಿ ನೋಡುವ ವಿವೇಕವನ್ನು ಕನ್ನಡದ ಗಾದೆ ಬಹು ಹಿಂದೆಯೇ ಒದಗಿಸಿದೆ.