ಕರೆಂಟು ಹೋಗುವ ಲೆಕ್ಕ: ಅವರಲ್ಲಿ ಹೇಗೆ, ನಮ್ಮಲ್ಲಿ ಹೇಗೆ?



ಜರ್ಮನಿಯಲ್ಲಿ 2022ರ ಇಡೀ ವರ್ಷ ಒಬ್ಬ ಗ್ರಾಹಕನಿಗೆ ಕರೆಂಟು ಇಲ್ಲದ ಹೊತ್ತು ಸರಾಸರಿ ಸುಮಾರು 12 ನಿಮಿಷ. ಗುರುಗುಂಟಾದಲ್ಲಿ ಸಂಜೆ ಹಾಲು ಹಾಕಲು ನಿಂತವರಿಗೆ ಇದನ್ನು ಹೇಳಿದರೆ ನಕ್ಕಾರು. ಆದರೆ ಈ ಅಂಕಿ ಬಂದದ್ದು ಹೇಗೆಂದು ತಿಳಿದುಕೊಂಡರೆ ನಮಗೂ ಉಪಯೋಗವಿದೆ.

ಇಂಥ ಹೋಲಿಕೆಗೆ ಎರಡು ಲೆಕ್ಕಗಳಿವೆ. ವರ್ಷಕ್ಕೆ ಎಷ್ಟು ಸಲ ಹೋಯಿತು ಎಂಬುದು ಒಂದು. ಒಟ್ಟು ಎಷ್ಟು ಹೊತ್ತು ಇರಲಿಲ್ಲ ಎಂಬುದು ಇನ್ನೊಂದು. ಹತ್ತು ಸಲ ಆರಾರು ನಿಮಿಷ ಹೋದರೂ ಒಂದು ತಾಸು, ಒಮ್ಮೆಲೇ ಹೋದರೂ ಒಂದು ತಾಸು. ಜರ್ಮನಿಯವರು ಮೂರು ನಿಮಿಷಕ್ಕಿಂತ ಕಡಿಮೆ ಹೋದದ್ದನ್ನು ಎಣಿಸುವುದೇ ಇಲ್ಲ. ಭಾರಿ ನೆರೆ, ಬಿರುಗಾಳಿಯ ದಿನಗಳನ್ನೂ ಬಿಡುತ್ತಾರೆ. ಅಮೆರಿಕದಲ್ಲಿ 2020ರಲ್ಲಿ ಚಂಡಮಾರುತಗಳನ್ನು ಸೇರಿಸಿದರೆ ಸುಮಾರು 8 ತಾಸು, ಬಿಟ್ಟರೆ ಸುಮಾರು 2 ತಾಸು. ದೇಶ ಒಂದೇ, ವರ್ಷ ಒಂದೇ, ಉತ್ತರ ಎರಡು!

ನಮ್ಮ ದೇಶದಲ್ಲಿ ಹೆಚ್ಚಾಗಿ ಕೇಳಿಬರುವುದು ಹೋದ ಹೊತ್ತಲ್ಲ, ಕೊಟ್ಟ ಹೊತ್ತು. ಕೇಂದ್ರ ಸರ್ಕಾರದ ಲೆಕ್ಕದಂತೆ ಹಳ್ಳಿಗಳಿಗೆ 2014ರಲ್ಲಿ ದಿನಕ್ಕೆ ಸರಾಸರಿ 12.5 ತಾಸು ಕರೆಂಟು ಸಿಗುತ್ತಿತ್ತು; ಅದು ಈಗ 22 ತಾಸು ದಾಟಿದೆ. ಸುಧಾರಣೆ ದೊಡ್ಡದೇ. ಆದರೂ ಉಳಿದ ಒಂದೆರಡು ತಾಸು ಯಾವ ವೇಳೆಯಲ್ಲಿ ಹೋಗುತ್ತದೆ ಎಂಬುದನ್ನು ಸರಾಸರಿ ಹೇಳುವುದಿಲ್ಲ. ಹಾಲಿನವರಿಗೆ ಬೇಕಾದದ್ದು ಅದೇ.

ಕೆಚ್ಚಲಿನಿಂದ ಬಂದ ಹಾಲು ಸುಮಾರು 37 ಡಿಗ್ರಿ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಹಾಲನ್ನು ಹುಳಿ ಮಾಡುವ ಸೂಕ್ಷ್ಮಾಣುಗಳು ಅರ್ಧ ತಾಸಿಗೊಮ್ಮೆ ಇಮ್ಮಡಿಯಾಗಬಲ್ಲವು. 4 ಡಿಗ್ರಿಗೆ ಇಳಿದರೆ ಅವುಗಳ ಬೆಳವಣಿಗೆ ಬಹಳ ಕುಗ್ಗುತ್ತದೆ. ನಡುರಾತ್ರಿ ಒಂದು ತಾಸು ಕರೆಂಟು ಹೋದರೆ, ಆಗಲೇ ತಂಪಾದ ಹಾಲಿಗೆ ಅಷ್ಟು ತೊಂದರೆಯಿಲ್ಲ. ಶೀತಲ ಟ್ಯಾಂಕಿನ ದಪ್ಪ ಹೊದಿಕೆ ತಂಪನ್ನು ಹಿಡಿದಿಡುತ್ತದೆ. ಅದೇ ಒಂದು ತಾಸು ಏಪ್ರಿಲ್ ಸಂಜೆ, ಬಿಸಿ ಹಾಲು ಟ್ಯಾಂಕಿಗೆ ಬೀಳುವಾಗ ಹೋಗಿ, ಜನರೇಟರ್‌ಗೆ ಡೀಸೆಲ್ ಇಲ್ಲದಿದ್ದರೆ? ಟ್ಯಾಂಕಿನಲ್ಲಿ ಎಲ್ಲರ ಹಾಲೂ ಒಂದೇ. ಕೆಟ್ಟರೆ ಒಬ್ಬರದಷ್ಟೇ ಕೆಡುವುದಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ 2023ರಲ್ಲಿ ಸರದಿಯ ಮೇಲೆ ಬಹುಪಾಲು ದಿನ ಕರೆಂಟು ತೆಗೆಯುತ್ತಿದ್ದರು. ಆದರೆ ಯಾವ ಭಾಗಕ್ಕೆ ಎಷ್ಟು ಗಂಟೆಗೆ ಎಂಬ ಪಟ್ಟಿ ಮೊದಲೇ ಸಿಗುತ್ತಿತ್ತು. ಹೇಳಿ ಹೋಗುವ ಕರೆಂಟಿಗೆ ಹಾಲು ಕರೆಯುವ ವೇಳೆಯನ್ನಾದರೂ ಹೊಂದಿಸಬಹುದು.

ಶಕ್ತಿನಗರದ ಉಷ್ಣ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದ್ದು ನಮಗೇಕೆ ಹೀಗೆ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ತಯಾರಾದದ್ದು ರಾಜ್ಯದ ಜಾಲಕ್ಕೆ ಸೇರುತ್ತದೆ, ನೇರ ನಮ್ಮೂರಿಗಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ದಕ್ಷಿಣದ ಜಾಲ ಬೇರೆಯಿದ್ದುದರಿಂದ ನಾವು ಉಳಿದೆವು. 2013ರ ಡಿಸೆಂಬರ್ 31ರಂದು ಎರಡನ್ನೂ ಜೋಡಿಸಿದ್ದು ರಾಯಚೂರು–ಸೊಲ್ಲಾಪುರ ಲೈನು. ಆದರೆ ಹಳ್ಳಿಯಲ್ಲಿ ಕರೆಂಟು ಹೋಗುವುದಕ್ಕೆ ಹಲವು ಸಲ ಕಾರಣ ಹತ್ತಿರದ್ದೇ: ತಂತಿಗೆ ತಾಗಿದ ಕೊಂಬೆ, ಭಾರ ಹೆಚ್ಚಾದ ಟಿ.ಸಿ.

ಆದ್ದರಿಂದ ಸಂಘದ ಕಾರ್ಯದರ್ಶಿಯವರು ಒಂದು ನೋಟುಬುಕ್ಕಿನಲ್ಲಿ ತಾರೀಖು, ಹೋದ ವೇಳೆ, ಬಂದ ವೇಳೆ, ಆಗಿನ ಹಾಲಿನ ಉಷ್ಣಾಂಶ ಬರೆದಿಡಲಿ. ಸದಸ್ಯರು ಅದನ್ನು ತಿಂಗಳಿಗೊಮ್ಮೆ ಕೇಳಿ ನೋಡಿರಿ. ಸಂಜೆಯ ಹೊತ್ತಿನ ಸಾಲುಗಳ ಕೆಳಗೆ ಗೆರೆ ಎಳೆದು, ಪ್ರತಿ ತೆಗೆದು, ಅರ್ಜಿಯ ಜೊತೆ ಜೆಸ್ಕಾಂ ಶಾಖಾ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.