ಹಳದಿ ಮೀಟರು, ಮೇನ್ ಲೈನು

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅಂಗೈಯಗಲದ ಹಳದಿ ಮಲ್ಟಿಮೀಟರಿಗೆ ಎಂದೂ ಬೇಡಿಕೆ ತಗ್ಗುವುದಿಲ್ಲ. ಡಿಟಿ-830 ಎಂಬ ಮಾದರಿಯ ನಾನಾ ಅವತಾರಗಳಿವು. ಕೆಲವೇ ನೂರು ರೂಪಾಯಿಗೆ ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್ ಮೂರನ್ನೂ ಅಳೆಯಬಹುದು. ಅಳತೆಯೂ ಮನೆಬಳಕೆಗೆ ಸಾಕಾಗುವಷ್ಟು ಸರಿಯಾಗಿರುತ್ತದೆ. ಆದರೆ ಮೇನ್ ಲೈನಿಗೆ ಹಚ್ಚಿದಾಗ ಕೇಳಬೇಕಾದ ಪ್ರಶ್ನೆಯೇ ಬೇರೆ: ಏನಾದರೂ ಎಡವಟ್ಟಾದರೆ ಅದನ್ನು ಹಿಡಿದ ಕೈ ಉಳಿಯುತ್ತದೆಯೇ?

ಡಯಲ್ ಮೇಲೆ 750 ವೋಲ್ಟ್ ಎಂದಿದೆ, ನಮ್ಮ ಮನೆಯದು 230, ಇನ್ನೇನು ಭಯ ಎಂದು ಅನೇಕರು ಭಾವಿಸುತ್ತಾರೆ. ಮೇನ್ ಲೈನು ಅಷ್ಟು ಸಾಧು ಅಲ್ಲ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ, ದೊಡ್ಡ ಮೋಟರೊಂದು ಆಫ್ ಆದಾಗ ಸೆಕೆಂಡಿನ ಲಕ್ಷದ ಕೆಲವು ಭಾಗಗಳಷ್ಟು ಹೊತ್ತು ಸಾವಿರಾರು ವೋಲ್ಟಿನ ಅಲೆ ತಂತಿಯಲ್ಲಿ ಹಾದುಹೋಗುತ್ತದೆ. ಆ ಹೊತ್ತಿಗೆ ಮೀಟರಿನ ಒಳಗೆ ಎರಡು ತಾಮ್ರದ ಗೆರೆಗಳ ನಡುವೆ ಸಾಕಷ್ಟು ಅಂತರವಿಲ್ಲದಿದ್ದರೆ ಕಿಡಿ ಜಿಗಿಯುತ್ತದೆ. ಅಲೆ ಮುಗಿದರೂ ಆ ಕಿಡಿಯ ದಾರಿ ಹಿಡಿದು ಮೇನ್ ಕರೆಂಟೇ ಹರಿಯತೊಡಗುತ್ತದೆ. ಮೀಟರ್ ಸಿಡಿಯುವುದು ಆಗ.

ಇದನ್ನು ಗಮನದಲ್ಲಿಟ್ಟುಕೊಂಡೇ ಐಇಸಿ 61010 ಎಂಬ ಅಂತರರಾಷ್ಟ್ರೀಯ ಮಾನದಂಡವು ಅಳೆಯುವ ಜಾಗಗಳನ್ನು ಕೆಟಗರಿಗಳಾಗಿ (ಚಿಕ್ಕದಾಗಿ ‘ಕ್ಯಾಟ್’) ವಿಂಗಡಿಸಿದೆ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಮಿಕ್ಸಿ, ಟಿವಿಯಂಥ ಉಪಕರಣಗಳದ್ದು ಕ್ಯಾಟ್ 2. ಎಂಸಿಬಿ ಬೋರ್ಡು, ಕಟ್ಟಡದ ಒಳಗಿನ ವೈರಿಂಗ್, ಕಾರ್ಖಾನೆಯ ಮೋಟರುಗಳದ್ದು ಕ್ಯಾಟ್ 3. ಕಂಬದ ತಂತಿ, ಸರ್ವಿಸ್ ವೈರು, ಮನೆಯ ವಿದ್ಯುತ್ ಮೀಟರ್ ಇರುವ ಜಾಗ ಕ್ಯಾಟ್ 4. ಟ್ರಾನ್ಸ್‌ಫಾರ್ಮರಿಗೆ ಹತ್ತಿರವಾದಷ್ಟೂ ಅಂಕಿ ಏರುತ್ತದೆ. ಮೀಟರುಗಳ ಮೇಲೆ ಇದನ್ನು ರೋಮನ್ ಅಂಕಿಯಲ್ಲಿ, ಪಕ್ಕದಲ್ಲಿ ವೋಲ್ಟೇಜಿನ ಸಮೇತ ಅಚ್ಚುಹಾಕಿರುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಕ್ಯಾಟ್ 2, 1000 ವೋಲ್ಟ್ ಎಂದಿರುವ ಮೀಟರ್ ಮತ್ತು ಕ್ಯಾಟ್ 3, 600 ವೋಲ್ಟ್ ಎಂದಿರುವ ಮೀಟರ್ ಪಕ್ಕಪಕ್ಕ ಇದ್ದರೆ ಗ್ರಾಹಕ ಸಾವಿರದ್ದನ್ನೇ ಎತ್ತಿಕೊಳ್ಳುತ್ತಾನೆ. ಪರೀಕ್ಷೆಯಲ್ಲಿ ಎರಡಕ್ಕೂ ಕೊಡುವ ಆಘಾತ 6000 ವೋಲ್ಟಿನದೇ. ಆದರೆ ಮೊದಲನೆಯದಕ್ಕೆ ಅದನ್ನು 12 ಓಮ್ ತಡೆಯ ಮೂಲದಿಂದ ಕೊಡುತ್ತಾರೆ, ಎರಡನೆಯದಕ್ಕೆ 2 ಓಮ್ ಮೂಲದಿಂದ. ಲೆಕ್ಕ ಹಾಕಿದರೆ ಅಲ್ಲಿ 500 ಆಂಪಿಯರ್, ಇಲ್ಲಿ 3000. ಕಡಿಮೆ ವೋಲ್ಟಿನ ಹಣೆಪಟ್ಟಿ ಹೊತ್ತ ಮೀಟರೇ ಆರು ಪಟ್ಟು ಕರೆಂಟಿನೆದುರು ನಿಂತು ಗೆದ್ದಿರುತ್ತದೆ.

ಸಿಡಿಲು ಬೇಕೆಂದೇ ಇಲ್ಲ, ಮರೆವೂ ಸಾಕು. ಕರೆಂಟ್ ಅಳೆಯಲು ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಆಮೇಲೆ ಅದನ್ನು ತೆಗೆಯಲು ಮರೆತು ಸಾಕೆಟ್ಟಿಗೆ ಹಚ್ಚಿದರೆ ಫೇಸು, ನ್ಯೂಟ್ರಲ್ ನೇರ ಶಾರ್ಟ್ ಆದಂತೆಯೇ. ಅಗ್ಗದ ಹಲವು ಮೀಟರುಗಳಲ್ಲಿ ಈ ದಾರಿಗೆ ಫ್ಯೂಸೇ ಇರುವುದಿಲ್ಲ. ‘ಅನ್‌ಫ್ಯೂಸ್ಡ್’ ಎಂದು ಮೈಮೇಲೆಯೇ ಬರೆದಿರುತ್ತದೆ. ಮಿಲಿಆಂಪಿಯರ್ ದಾರಿಯಲ್ಲಿರುವುದು 250 ವೋಲ್ಟಿನ ಪುಟ್ಟ ಗಾಜಿನ ಫ್ಯೂಸು. ಈ ಬಗೆಯ ಸಾಮಾನ್ಯ ಗಾಜಿನ ಫ್ಯೂಸು ಸುರಕ್ಷಿತವಾಗಿ ಕಡಿದುಹಾಕಬಲ್ಲದ್ದು ಕೆಲವೇ ಹತ್ತು ಆಂಪಿಯರುಗಳನ್ನು. ಮನೆಯ ಎಂಸಿಬಿಯನ್ನೊಮ್ಮೆ ನೋಡಿ: ಸಣ್ಣ ಚೌಕಟ್ಟಿನೊಳಗೆ 6000 ಅಥವಾ 10000 ಎಂದಿರುತ್ತದೆ. ಶಾರ್ಟ್ ಆದಾಗ ಅಷ್ಟು ಆಂಪಿಯರನ್ನು ತಡೆಯುವ ತಾಕತ್ತು ಬೇಕಾಗಬಹುದು ಎಂದೇ ಅದನ್ನು ಹಾಗೆ ತಯಾರಿಸಿರುವುದು. ಅಂಥ ಹೊಡೆತಕ್ಕೆ ಗಾಜು ಒಡೆದು, ಕರಗಿದ ಲೋಹದ ಆವಿಯಲ್ಲೇ ಕರೆಂಟು ಹರಿಯುತ್ತದೆ. ಒಳ್ಳೆಯ ಮೀಟರಿನ ಎಚ್‌ಆರ್‌ಸಿ ಫ್ಯೂಸಿನಲ್ಲಿ ಪಿಂಗಾಣಿಯಂಥ ಗಟ್ಟಿ ಕೊಳವೆಯೊಳಗೆ ಮರಳು ತುಂಬಿರುತ್ತದೆ; ಉರಿಯ ಶಾಖವನ್ನು ಹೀರಿ ಆ ಮರಳು ಕಿಡಿಯನ್ನು ನಂದಿಸುತ್ತದೆ. ಆ ಒಂದು ಫ್ಯೂಸಿನ ಬೆಲೆಗೇ ಇಡೀ ಹಳದಿ ಮೀಟರು ಬರಬಹುದು.

ನಮ್ಮ ಹಳ್ಳಿಗಳಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಕೊಳವೆಬಾವಿಯ ಪಂಪ್‌ಸೆಟ್ ನಿಂತರೆ ಸ್ಟಾರ್ಟರ್ ಬಾಕ್ಸ್ ತೆರೆದು ಮೂರು ಫೇಸ್ ಬರುತ್ತಿದೆಯೇ ಎಂದು ನೋಡುವುದು ರೈತರಿಗೆ ನಿತ್ಯದ ಕೆಲಸ. ಅಲ್ಲಿ ಫೇಸ್‌ಗಳ ನಡುವೆ 400 ವೋಲ್ಟಿಗೂ ಮೇಲೆ, ಟ್ರಾನ್ಸ್‌ಫಾರ್ಮರ್ ಎಷ್ಟೋ ಸಲ ಅದೇ ಹೊಲದ ಬದುವಿನಲ್ಲಿ, ಕಾಲ ಕೆಳಗೆ ಒದ್ದೆ ನೆಲ. ಹಳದಿ ಮೀಟರನ್ನು ತರಲೇಬಾರದ ಜಾಗವಿದು. ಬ್ಯಾಟರಿ, ಮೊಬೈಲ್ ಚಾರ್ಜರಿನ ಹೊರಬರುವ 5 ವೋಲ್ಟ್, ವಿದ್ಯಾರ್ಥಿಗಳ ಸರ್ಕ್ಯೂಟ್ ಬೋರ್ಡು ಇವಕ್ಕೆ ಅದನ್ನು ನೆಮ್ಮದಿಯಿಂದ ಬಳಸಬಹುದು.

ಎಂಸಿಬಿ ಬೋರ್ಡಿನ ಕೆಲಸಕ್ಕೆ ಕನಿಷ್ಠ ಕ್ಯಾಟ್ 3, 600 ವೋಲ್ಟಿನ ಮೀಟರು ಬೇಕು. ಅಚ್ಚನ್ನೇ ನಂಬಿದರೆ ಸಾಲದು. ಸಿಇ ಗುರುತು ಬಹುಮಟ್ಟಿಗೆ ತಯಾರಕರ ಸ್ವಯಂಘೋಷಣೆ. ಯುಎಲ್, ಟಿಯುವಿಯಂಥ ಪ್ರತ್ಯೇಕ ಸಂಸ್ಥೆ ಪರೀಕ್ಷಿಸಿದ ಗುರುತಿದ್ದರೆ ಹೆಚ್ಚು ಭರವಸೆ. ಹೊರಗೆ 600 ವೋಲ್ಟ್ ಎಂದು ಬರೆದು ಕರೆಂಟ್ ಅಳೆಯುವ ದಾರಿಗೆ 250 ವೋಲ್ಟಿನ ಗಾಜಿನ ಫ್ಯೂಸ್ ಕೂರಿಸಿದ್ದರೆ ಹೊರಗಿನ ಬರಹವನ್ನು ನಂಬಬಾರದು. ವೈರುಗಳ ಮೇಲೂ ಕ್ಯಾಟ್ ಗುರುತು ಇರಬೇಕು, ಏಕೆಂದರೆ ಎರಡರಲ್ಲಿ ಯಾವುದು ಕಡಿಮೆಯೋ ಅದೇ ಒಟ್ಟು ಸಾಮರ್ಥ್ಯ. ಕ್ಯಾಟ್ 3ರ ಪ್ರೋಬಿನ ತುದಿಯಲ್ಲಿ ಬರಿಯ ಲೋಹ 4 ಮಿಲಿಮೀಟರಿಗಿಂತ ಹೆಚ್ಚು ಕಾಣಬಾರದು.

ಮುಟ್ಟುವ ಮುನ್ನ ಮೂರು ಹಂತದ ಪರೀಕ್ಷೆಯನ್ನೂ ರೂಢಿಸಿಕೊಳ್ಳಬೇಕು. ಕರೆಂಟ್ ಇದೆಯೆಂದು ಗೊತ್ತಿರುವ ಜಾಗದಲ್ಲಿ ಮೊದಲು ಮೀಟರನ್ನು ಹಚ್ಚಿ ನೋಡಿ, ಬಳಿಕ ಕೆಲಸದ ಜಾಗದಲ್ಲಿ ಅಳೆದು, ಮತ್ತೆ ಮೊದಲ ಜಾಗಕ್ಕೆ ಹಚ್ಚಿ ಮೀಟರ್ ಇನ್ನೂ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ನಡುವೆ ಮೀಟರೇ ಕೆಟ್ಟಿದ್ದರೆ ಅದು ತೋರಿಸುವ ಸೊನ್ನೆಯನ್ನು ನಂಬಿ ತಂತಿ ಹಿಡಿಯುವ ಅಪಾಯ ಇದರಿಂದ ತಪ್ಪುತ್ತದೆ.