ಜೀನಗಾರನ ವಿದ್ಯೆ

ನಮ್ಮ ನಾಡಿನಲ್ಲಿ ಜೀನಗಾರರೆಂಬ ಹೆಸರಿನ ಮನೆತನಗಳುಂಟು. ಜೀನೆಂದರೆ ಕುದುರೆಯ ಬೆನ್ನಿನ ಮೇಲೆ ಸವಾರನು ಕುಳಿತುಕೊಳ್ಳುವ ಆಸನ. ಅದನ್ನು ಮಾಡುವವನೇ ಜೀನಗಾರ. ಈ ಮಾತು ಪಾರಸಿಯಿಂದ ಬಂದುದು. ಹಳಗನ್ನಡದವರು ಇದೇ ಆಸನವನ್ನು ಪಲ್ಲಣವೆಂದೂ, ಕಾಲಿಡುವ ರಿಕಾಪನ್ನು ಅಂಕವಣಿಯೆಂದೂ ಕರೆಯುತ್ತಿದ್ದರು. ಹೆಸರುಗಳು ಉಳಿದಿರುವುವು, ವಸ್ತುವು ಮಾತ್ರ ನಮ್ಮ ಮನೆಗಳಿಂದ ಬಹುಮಟ್ಟಿಗೆ ಮರೆಯಾಗಿದೆ. ಅಂತಹ ಹಳೆಯ ಜೀನನ್ನು ಇಂದು ಮತ್ತೆ ಮಾಡಬಯಸುವವನಿಗೆ ಆಧಾರವೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯ ಆಧಾರವು ಕಲ್ಲು. ಬಾಗಲಕೋಟೆಯ ಸೀಮೆಗೆ ಕುದುರೆಯ ನಂಟು ಹೊಸದಲ್ಲ. ಬಾದಾಮಿಯ ಬೆಟ್ಟದ ಬಂಡೆಯ ಮೇಲೆ ಕ್ರಿ. ಶ. 543ರ ಶಾಸನವೊಂದಿದೆ, ಅಲ್ಲಿ ಕೋಟೆಯನ್ನು ಕಟ್ಟಿಸಿದ ಮೊದಲನೆಯ ಪುಲಕೇಶಿಯು ಅಶ್ವಮೇಧವನ್ನು ಮಾಡಿದವನೆಂದು ಹೇಳಿದೆ. ಹುನಗುಂದದ ಕಡೆಯ ಐಹೊಳೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನು ಕಾಣಬಹುದು. ಕನ್ನಡನಾಡಿನ ಇಂತಹ ಕಲ್ಲುಗಳಲ್ಲಿ ಕುದುರೆಯೇರಿ ಕಾದುವ ವೀರರ ರೂಪಗಳು ಹಲವೆಡೆ ಇವೆ. ಆದರೆ ಕಲ್ಲು ಹೊರಗಿನ ಆಕಾರವನ್ನು ಮಾತ್ರ ಹೇಳುವುದು. ಒಳಗಿನ ಮರ, ಹೊಲಿಗೆ, ತುಂಬಿದ ಅರಳೆ ಇವುಗಳ ಮಾತನ್ನು ಆಡದು.

ಎರಡನೆಯ ಆಧಾರವು ಪ್ರಯೋಗ. ರೋಮನ್ ಸವಾರರಿಗೆ ರಿಕಾಪಿರಲಿಲ್ಲ. ಹಾಗಿದ್ದೂ ಅವರು ಕುದುರೆಯ ಮೇಲೆ ಹೇಗೆ ಯುದ್ಧ ಮಾಡಿದರೆಂಬುದು ಬಹುಕಾಲ ಒಗಟಾಗಿತ್ತು. ಇಂಗ್ಲೆಂಡಿನ ಪೀಟರ್ ಕಾನೊಲಿ (1935–2012) ಎಂಬ ವಿದ್ವಾಂಸರು, ನೆಲದಲ್ಲಿ ದೊರೆತ ಚರ್ಮದ ತುಂಡುಗಳನ್ನೂ ಕಂಚಿನ ತಗಡುಗಳನ್ನೂ ಹೊಂದಿಸಿ ನೋಡಿ, ನಾಲ್ಕು ಕೊಂಬುಗಳ ಜೀನೊಂದನ್ನು ಮಾಡಿಸಿದರು. ಅದನ್ನು ಕುದುರೆಗೆ ಹಾಕಿ ಏರಿದಾಗ, ಕೊಂಬುಗಳು ತೊಡೆಯನ್ನೂ ಸೊಂಟವನ್ನೂ ಒತ್ತಿ ಹಿಡಿದು ಸವಾರನನ್ನು ಭದ್ರವಾಗಿರಿಸುವುದು ಕಂಡುಬಂದಿತು. ಅದರೊಳಗೆ ಮರದ ಚೌಕಟ್ಟಿತ್ತೆ ಇಲ್ಲವೆ ಎಂಬ ವಾದವು ಮಾತ್ರ ಪಂಡಿತರಲ್ಲಿ ನಡೆದೇ ಇದೆ. ಅಮೆರಿಕೆಯ ದನಗಾರರ ಹಳೆಯ ಜೀನುಗಳನ್ನು ಮತ್ತೆ ಮಾಡುವವರಿಗೆ ಈ ಕಷ್ಟವಿಲ್ಲ; ಹಳೆಯ ಜೀನುಗಳೂ, ಮಾರಾಟಗಾರರು ಅಚ್ಚು ಹಾಕಿಸಿದ ಬೆಲೆಪಟ್ಟಿಗಳೂ ಅವರಿಗೆ ದೊರೆಯುವುವು. ಆ ಜೀನಿನ ಮರದ ಚೌಕಟ್ಟಿಗೆ ಹಸಿಚರ್ಮವನ್ನು ಬಿಗಿದು ಹೊಲಿಯುವರು. ಅದು ಒಣಗಿ ಕುಗ್ಗಿ ಮರವನ್ನು ಕಚ್ಚಿ ಹಿಡಿಯುವುದು. ಮುಂದಿನ ಗೂಟವು, ಹಗ್ಗವೆಸೆದು ದನವನ್ನು ಹಿಡಿದಾಗ ಆ ಹಗ್ಗವನ್ನು ಸುತ್ತುವುದಕ್ಕೆ.

ಮೂರನೆಯ ಆಧಾರವು ಕೈ, ಇದೇ ಮುಖ್ಯವಾದುದು. ಜೀನಿಗೆ ತಕ್ಕುದು ತೊಗಟೆಯಿಂದ ಹದಮಾಡಿದ ಚರ್ಮ. ಅದು ದಪ್ಪನಾಗಿ ನಿಲ್ಲುವುದು, ನೆನೆಸಿ ಬಗ್ಗಿಸಿದ ಆಕಾರವನ್ನು ಉಳಿಸಿಕೊಳ್ಳುವುದು, ಉಳಿಯ ಗುರುತನ್ನು ಬಿಡದು. ಕ್ರೋಮಿಯಂ ಲವಣದಿಂದ ಬೇಗ ಹದವಾಗುವ ಮೆತ್ತನೆಯ ಚರ್ಮಕ್ಕೆ ಈ ಗುಣವು ಕಡಿಮೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡುವ ವಿದ್ಯೆಯು ಕೊಲ್ಲಾಪುರಿ ಚಪ್ಪಲಿಯ ಕಸಬಿನಲ್ಲಿ ಬೆಳೆದುಬಂದಿದೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬಾಗಲಕೋಟೆ, ಬೆಳಗಾವಿ, ಧಾರವಾಡ, ವಿಜಯಪುರಗಳೂ ಅದರಲ್ಲಿ ಸೇರಿದುವು. ಜೀನು ಹೋದರೂ ಜೀನಿಗೆ ಬೇಕಾದ ಚರ್ಮದ ವಿದ್ಯೆಯು ನಮ್ಮ ಸೀಮೆಯನ್ನು ಬಿಟ್ಟು ಹೋಗಿಲ್ಲವೆಂದಾಯಿತು.

ಇಲಕಲ್ಲಿನ ಮಗ್ಗವು ನಡೆಯುತ್ತಿರುವುದು ಅಲ್ಲಿನ ಸೀರೆಯನ್ನು ಉಡುವವರಿರುವುದರಿಂದ. ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೌಶಲವನ್ನು ನಾವು ಹೊಗಳುತ್ತೇವೆ. ಚರ್ಮದ ಕೆಲಸಕ್ಕೆ ಈ ಭಾಗ್ಯವಿರಲಿಲ್ಲ. ಅದನ್ನು ಮಾಡುವವರನ್ನು ಊರ ಹೊರಗಿರಿಸಿ, ಅವರ ಕೆಲಸವನ್ನು ಮಾತ್ರ ಊರೊಳಗೆ ಮೆಟ್ಟಿ ನಡೆದೆವು. ಗೌರವವಿಲ್ಲದ ಕಸಬನ್ನು ಮಕ್ಕಳು ಕಲಿಯಲೊಲ್ಲರು. ಅದರಲ್ಲಿ ಅವರ ತಪ್ಪಿಲ್ಲ. ಕೈ ಮರೆತ ಮೇಲೆ ಕಲ್ಲನ್ನೂ ಪುಸ್ತಕವನ್ನೂ ಎಷ್ಟು ನೋಡಿದರೂ ಜೀನು ಹುಟ್ಟದು.

ಗೃಹಸ್ಥರು ಮಾಡಬಹುದಾದುದು ಸ್ವಲ್ಪ ಉಂಟು. ಅಟ್ಟದ ಮೇಲೆ ಹಳೆಯ ಜೀನು, ಲಗಾಮು, ತೊಗಲಿನ ಚೀಲಗಳಿದ್ದರೆ ಗುಜರಿಗೆ ಹಾಕಬೇಡಿರಿ; ನೀರಿನಲ್ಲಿ ತೊಳೆಯಬೇಡಿರಿ, ಬಿಸಿಲಿಗೂ ಒಡ್ಡಬೇಡಿರಿ. ಮೆತ್ತನೆಯ ಬಟ್ಟೆಯಿಂದ ಧೂಳೊರಸಿ, ಗಾಳಿಯಾಡುವ ನೆರಳಿನಲ್ಲಿಡಿರಿ. ಅಳತೆಗಳನ್ನೂ ಹೊಲಿಗೆಯ ಕ್ರಮವನ್ನೂ ಬರೆದಿಟ್ಟು, ಒಂದೊಂದು ಭಾಗಕ್ಕೂ ಮನೆಯ ಹಿರಿಯರು ಹೇಳುವ ಹೆಸರನ್ನು ಗುರುತು ಮಾಡಿಕೊಳ್ಳಿರಿ. ಕೈಯಿಂದ ಮಾಡಿದ ಚಪ್ಪಲಿಯನ್ನು ಕೊಳ್ಳುವಾಗ ಮಾಡಿದವನಿಗೆ ನ್ಯಾಯವಾದ ಬೆಲೆಯನ್ನೂ ಒಂದು ಒಳ್ಳೆಯ ಮಾತನ್ನೂ ಕೊಡಿರಿ. ಮುಂದೆ ಜೀನು ಬೇಕಾದರೆ ಅದನ್ನು ಹೊಲಿಯಬೇಕಾದುದು ಅವನ ಸೂಜಿಯೇ.